ಯಾದವಗಿರಿಯಲ್ಲಿ ಉಳಿದ ಗಂಟು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಂದು ಮಧ್ಯಾಹ್ನ ನಮ್ಮ ಮನೆಯ ಮುಂಗೋಣೆಯಲ್ಲಿ ನಿಜವಾಗಿ ಏನು ನಡೆಯಿತೆಂಬುದು ನನಗೆ ಗೊತ್ತಿಲ್ಲ. ಏನೋ ನಡೆಯಿತು ಎಂದು ಒಮ್ಮೆ ಅನ್ನಿಸುತ್ತದೆ. ಏನೂ ನಡೆಯಲಿಲ್ಲ, ಆಮೇಲೆ ಕೇಳಿದ್ದನ್ನು, ನೋಡಿದ್ದನ್ನು ನನ್ನ ತಲೆಯೇ ಹಿಂದಕ್ಕೆ ಒಯ್ದು ಆ ಮಧ್ಯಾಹ್ನದೊಳಗೆ ತುಂಬಿಬಿಟ್ಟಿದೆ ಎಂದು ಇನ್ನೊಮ್ಮೆ ಅನ್ನಿಸುತ್ತದೆ. ವರ್ಷಗಳು ಕಳೆದಂತೆ ಎರಡನೆಯ ಮಾತೇ ಸರಿ ಎಂದು ಒಪ್ಪಿಕೊಳ್ಳುವುದು ಸುಲಭವಾಗಬೇಕಿತ್ತು. ಆಗಲಿಲ್ಲ.

ನಾನು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಓದಿ, ಮೈಸೂರಿನ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುವವನು. ಗೆಳೆಯರು ಸೇರಿದಾಗ ಯಾರಾದರೂ ದೆವ್ವ, ಕನಸು, ಶಕುನ ಎಂದು ಬಾಯಿ ತೆರೆದರೆ ಅವರನ್ನು ಪ್ರಶ್ನೆಗಳಿಂದ ಹಿಂಸೆ ಮಾಡುವುದು ನನ್ನ ಕೆಲಸವಾಗಿತ್ತು. ನೀವೇ ಕಂಡಿರಾ, ಬೆಳಕು ಎಷ್ಟಿತ್ತು, ಎಷ್ಟು ದೂರದಿಂದ, ಊಟವಾಗಿತ್ತೋ ಇಲ್ಲವೋ, ಇದನ್ನು ಮೊದಲ ಸಲ ಯಾರಿಗೆ ಹೇಳಿದಿರಿ? ನಾಲ್ಕು ಪ್ರಶ್ನೆ ಮುಗಿಯುವುದರೊಳಗೆ ಕಥೆ ಹೇಳುವವರು ಕಾಫಿ ತರಿಸುವ ಮಾತಿಗೆ ತಿರುಗುತ್ತಿದ್ದರು. ಅದೇ ಪ್ರಶ್ನೆಗಳನ್ನು ಈಗ ನನಗೆ ನಾನೇ ಕೇಳಿಕೊಂಡರೆ ಒಂದಕ್ಕೂ ಸಮರ್ಪಕವಾದ ಉತ್ತರ ಸಿಗುವುದಿಲ್ಲ.

ಆಗ ನಾನು ಯಾದವಗಿರಿಯ ದೊಡ್ಡ ಬಂಗಲೆಯೊಂದರ ಪಕ್ಕದ ಸಣ್ಣ ಮನೆಯಲ್ಲಿ ಬಾಡಿಗೆಗಿದ್ದೆ. ಬೇಸಗೆಯ ರಜೆ. ಹೆಂಡತಿ ತವರಿಗೆ ಹೋಗಿದ್ದಳು. ಒಂದು ಬೆಳಿಗ್ಗೆ ಚಿಕ್ಕಣ್ಣ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದ. ಚಿಕ್ಕಣ್ಣ ನನ್ನ ಹೈಸ್ಕೂಲಿನ ಸಹಪಾಠಿ, ಹಿನಕಲ್ಲಿನವನು. ಅವರ ಮನೆಯವರದು ಬೇಸಾಯ. ಇವನು ಮಾತ್ರ ಒಂದು ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಿದ್ದ.

"ಬಟ್ಟೆ ಹಾಕ್ಕೊಂಡು ಬಾರಯ್ಯ, ಮನೇಲಿ ರಾಮಾಯಣ ಆಗ್ಬುಟ್ಟದೆ," ಎಂದ. "ನೀನೊಬ್ಬ ಹೇಳಿದ್ರೆ ಕೇಳ್ತಾರೆ."

ದಾರಿಯಲ್ಲಿ ವಿಷಯ ತಿಳಿಯಿತು. ಅವನ ತಂಗಿ ಜಯಮ್ಮನ ಗಂಡ ಬೊಂಬಾಯಿಯಲ್ಲಿ ಒಂದು ಕಂಪನಿಯ ಕೆಲಸದಲ್ಲಿದ್ದ. ಮನೆ ಸಿಕ್ಕಿದ ಮೇಲೆ ಕರೆಸಿಕೊಳ್ಳುತ್ತೇನೆಂದು ಹೆಂಡತಿಯನ್ನು ಹಿನಕಲ್ಲಿನಲ್ಲೇ ಬಿಟ್ಟಿದ್ದ. ಈಗ ಅವನು ಆಸ್ಪತ್ರೆ ಸೇರಿದ್ದಾನೆಂದು ಕಂಪನಿಯವರಿಂದ ತಂತಿ ಬಂದಿತ್ತು. ಹೊಟ್ಟೆಯ ಆಪರೇಷನ್ ಕೂಡಲೇ ಆಗಬೇಕು, ಆದರೆ ಹೆಂಡತಿಯ ಮುಖ ನೋಡದೆ ಮೈ ಕೊಡುವುದಿಲ್ಲವೆಂದು ಅವನು ಹಟ ಹಿಡಿದಿದ್ದಾನೆ. ರೈಲಿನಲ್ಲಿ ಹೋಗಿ ಮುಟ್ಟುವವರೆಗೆ ಕಾಯುವುದು ಅಪಾಯ ಎಂದು ಡಾಕ್ಟರು ಹೇಳಿದ್ದರಿಂದ ಕಂಪನಿಯ ಮ್ಯಾನೇಜರೇ ಬೆಂಗಳೂರಿನಿಂದ ವಿಮಾನಕ್ಕೆ ಟಿಕೆಟ್ಟು ಮಾಡಿಸಿದ್ದರು. ಸಿಕ್ಕಿದ್ದು ಒಂದೇ ಟಿಕೆಟ್ಟು, ಅದೂ ನಾಳಿದ್ದಿಗೆ.

ವಿಮಾನವೆಂದರೆ ಆಗಿನ ಕಾಲಕ್ಕೆ ಹಿನಕಲ್ಲಿಗಷ್ಟೇ ಅಲ್ಲ, ಮೈಸೂರಿಗೂ ದೊಡ್ಡ ಮಾತು. ಸಾಲದ್ದಕ್ಕೆ ಅದಕ್ಕೆ ಸ್ವಲ್ಪ ಮುಂಚೆ ಎಲ್ಲೋ ಉತ್ತರದ ಕಡೆ ಒಂದು ಪ್ರಯಾಣಿಕರ ವಿಮಾನ ಮೋಡದಲ್ಲಿ ದಾರಿ ತಪ್ಪಿ ಬೆಟ್ಟಕ್ಕೆ ಬಡಿದಿತ್ತು. ಮುರಿದ ಬಾಲದ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಕ್ಷೌರದ ಅಂಗಡಿ, ಹೋಟೆಲು, ಸ್ಟಾಫ್ ರೂಮು ಎಲ್ಲೆಲ್ಲೂ ಅದೇ ಮಾತು. ಒಮ್ಮೆಯೂ ವಿಮಾನವನ್ನು ಹತ್ತಿರದಿಂದ ಕಾಣದವರು ಕೂಡ ಇನ್ನು ಮೇಲೆ ಅದನ್ನು ಹತ್ತುವುದಿಲ್ಲವೆಂದು ಶಪಥ ಮಾಡುತ್ತಿದ್ದರು.

ಹಿನಕಲ್ಲಿನ ಮನೆಯ ಜಗುಲಿಯ ಮೇಲೆ ನೆಂಟರೆಲ್ಲ ಕೂತಿದ್ದರು. ಒಳಬಾಗಿಲಿನ ಹತ್ತಿರ ಜಯಮ್ಮ ನಿಂತಿದ್ದಳು. ತಾಯಿ ಕಾಳಮ್ಮನವರು ನನ್ನನ್ನು ಕಂಡೊಡನೆ ಎದ್ದು ಬಂದರು.

"ಮೇಷ್ಟ್ರೇ, ನೀವು ಓದ್ದೋರು. ಅದು ಬೀಳಾಕಿಲ್ಲ ಅಂತ ಒಂದು ಮಾತು ಬರ್ಕೊಡಿ, ಕಳಿಸ್ತೀನಿ," ಎಂದರು.

ಬರೆದುಕೊಡುವುದು ಸಾಧ್ಯವಿರಲಿಲ್ಲ. ವಿವರಿಸಲು ಹೊರಟೆ. ರಸ್ತೆಯಲ್ಲಿ ಸಾಯುವವರು ಎಷ್ಟು ಜನ, ಆಕಾಶದಲ್ಲಿ ಸಾಯುವವರು ಎಷ್ಟು ಕಡಿಮೆ ಎಂದು ಶುರುಮಾಡಿದೆ. ಕಾಳಮ್ಮನವರ ತಮ್ಮ ಕೆಂಪಯ್ಯ ಎಲೆಗೆ ಸುಣ್ಣ ಸವರುತ್ತ ಕೇಳುತ್ತಿದ್ದವರು ತಲೆ ಎತ್ತಿದರು.

"ಬಸ್ಸು ಕೆಟ್ಟೋದ್ರೆ ಇಳ್ದು ತಳ್ಬೋದು. ರೈಲು ನಿಂತ್ಬುಟ್ರೆ ಕಂಬಿ ಇಡ್ಕಂಡು ನಡೀಬೋದು. ಅದು ಅಲ್ಲಿ ಮೇಲೆ ನಿಂತ್ಬುಟ್ರೆ ಏಣಿ ನೀವು ತತ್ತೀರಾ ಮೇಷ್ಟ್ರೇ?"

ಜಗುಲಿಯೆಲ್ಲ ನಕ್ಕಿತು. ನಾನು ಬಿಡಲಿಲ್ಲ. ಪತ್ರಿಕೆಯ ಅಂಚಿನಿಂದ ಒಂದು ಪಟ್ಟಿ ಹರಿದು, ತುಟಿಯ ಕೆಳಗೆ ಹಿಡಿದು, ಮೇಲೆ ಜೋರಾಗಿ ಊದಿದೆ. ಜೋತುಬಿದ್ದಿದ್ದ ಕಾಗದ ಮೇಲಕ್ಕೆದ್ದು ನೆಟ್ಟಗಾಯಿತು. ಕಾಲೇಜಿನಲ್ಲಿ ಹುಡುಗರು ಬೆರಗಾಗುತ್ತಿದ್ದ ಪ್ರಯೋಗ ಅದು.

"ಸರಿ, ಕಾಗ್ದ ಎದ್ದದೆ," ಎಂದರು ಕೆಂಪಯ್ಯ. "ಈಗ ಅದರ ಮೇಲೆ ನಮ್ ಉಡ್ಗೀನ ಕೂರ್ಸಿ ಊದಿ ನೋಡವ."

ಅಷ್ಟರಲ್ಲಿ ಮೂಲೆಯಿಂದ ಒಬ್ಬ ಮುದುಕಿ, ಆಕಾಶದಲ್ಲಿ ಹೋದವರಿಗೆ ತಿಥಿ ಎಲ್ಲಿ ಮಾಡುವುದು ಎಂದು ಮೆಲ್ಲಗೆ ಕೇಳಿದರು. ನಗು ನಿಂತುಹೋಯಿತು. ಜಯಮ್ಮ ಮೊದಲ ಸಲ ಮಾತಾಡಿದಳು.

"ಮೇಷ್ಟ್ರೇ, ನೀವು ಹತ್ತಿದ್ದೀರಾ?"

"ಇಲ್ಲಮ್ಮ," ಎಂದೆ.

"ಹಂಗಾದ್ರೆ ನೀವ್ ಹೇಳಿದ್ದು ಪುಸ್ತಕದ್ದು."

"ಹೌದು, ಪುಸ್ತಕದ್ದೇ."

"ನಂಗೂ ಭಯ ಕಣ್ರೀ. ಆದ್ರೆ ಅಲ್ಲಿ ಅವರು ಒಬ್ರೇ ಮಲಗಿದಾರೆ. ವಿಮಾನದಲ್ಲಿ ನನ್ ಪಕ್ಕ ಗೊತ್ತಿರೋರು ಒಬ್ರು ಕೂತಿದ್ರೆ ಸಾಕಿತ್ತು. ಅಷ್ಟಿದ್ರೆ ಎಲ್ಲಿಗೆ ಬೇಕಾದ್ರೂ ಹೋಗ್ತಿದ್ದೆ. ಇರ್ಲಿ, ಹೋಗ್ತೀನಿ." ಹಾಗೆಂದು ಒಳಗೆ ಹೋದಳು. ಅಲ್ಲಿಗೆ ಚರ್ಚೆ ಮುಗಿಯಿತು. ನನ್ನ ಕಾಗದದ ಪಟ್ಟಿಯಿಂದ ಏನೂ ಆಗಿರಲಿಲ್ಲ.

ಇನ್ನುಳಿದದ್ದು ಜೋಯಿಸರ ಮಾತು. ನಾಳಿದ್ದು ಆ ದಿಕ್ಕಿಗೆ ವಾರಶೂಲ, ಹೊರಡಕೂಡದು ಎಂದು ಅವರು ಹೇಳಿದ್ದರು. ವಿಮಾನದವರು ನಮ್ಮ ಪಂಚಾಂಗ ನೋಡಿ ಹಾರಿಸುವುದಿಲ್ಲವಲ್ಲ. ಇಂಥ ಇಕ್ಕಟ್ಟಿಗೆ ನಮ್ಮ ಕಡೆ ಒಂದು ಉಪಾಯವಿದೆ, ಪ್ರಸ್ಥಾನ ಇಡುವುದು. ಹೊರಡುವವರ ಒಂದು ಬಟ್ಟೆ, ಹಿಡಿ ಅಕ್ಕಿ, ಅರಿಸಿನದ ಕೊಂಬು, ಒಂದು ತೆಂಗಿನಕಾಯಿ, ಇಷ್ಟನ್ನು ಗಂಟು ಕಟ್ಟಿ, ಹೊರಡುವ ದಿನಕ್ಕೆ ಹಿಂದಿನ ಒಳ್ಳೆಯ ಗಳಿಗೆಯಲ್ಲಿ ದಾರಿಯಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬರುತ್ತಾರೆ. ಗಂಟು ಹೊಸಿಲು ದಾಟಿತೆಂದರೆ ಪ್ರಯಾಣಿಕರೇ ಹೊರಟಂತೆ ಲೆಕ್ಕ. ಮಾರನೆಯ ದಿನ ಹೋಗುವಾಗ ಆ ಮನೆಯ ಮುಂದೆ ನಿಂತು ಗಂಟನ್ನು ತೆಗೆದುಕೊಂಡು ಮುಂದೆ ಹೋಗಬೇಕು. ಹಿನಕಲ್ಲಿನಿಂದ ಬೆಂಗಳೂರಿನ ದಾರಿ ಹಿಡಿಯುವವರಿಗೆ ಯಾದವಗಿರಿ ಮಧ್ಯದಲ್ಲಿ ಸಿಗುತ್ತದೆ. ಹೀಗಾಗಿ ಯಾವುದನ್ನೂ ನಂಬದ ನನ್ನ ಮನೆಯೇ ಅದಕ್ಕೆ ಗೊತ್ತಾಯಿತು.

ಮಾರನೆಯ ದಿನ ಕಾಳಮ್ಮನವರೇ ಜಟಕಾದಲ್ಲಿ ಗಂಟು ತಂದರು. ಜಯಮ್ಮನ ಹಸಿರು ಸೀರೆಯೊಂದನ್ನು ಮಡಿಸಿ ಕಟ್ಟಿದ ಗಂಟು. ನೆಲದ ಮೇಲೆ ಇಡುವಂತಿಲ್ಲ. ನನ್ನ ಮುಂಗೋಣೆಯಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಅಕ್ಕಪಕ್ಕದಲ್ಲೇ ಎರಡು ಬೆತ್ತದ ಕುರ್ಚಿಗಳಿದ್ದವು. ಒಂದು ನನ್ನದು. ಇನ್ನೊಂದರ ಮೇಲಿನ ಪುಸ್ತಕಗಳನ್ನು ತೆಗೆಸಿ, ಸೆರಗಿನಿಂದ ಧೂಳೊರೆಸಿ, ಅದರ ಮೇಲೆ ಗಂಟಿಟ್ಟು ಕೈಮುಗಿದರು. "ಯಾರೂ ಮುಟ್ಬ್ಯಾಡಿ. ಅವ್ಳೇ ಎತ್ಕಬೇಕು," ಎಂದರು.

ಅದರ ಮರುದಿನ ಬೆಳಗಾಗುವ ಹೊತ್ತಿಗೆ ನಾನು ಗೇಟಿನಲ್ಲಿ ನಿಂತಿದ್ದೆ. ಕಾರು ಬರಲಿಲ್ಲ. ಬಿಸಿಲೇರಿತು, ಆಗಲೂ ಬರಲಿಲ್ಲ. ಅವಸರದಲ್ಲಿ ಮರೆತು ಹೊರಟುಹೋಗಿದ್ದಾರೆ ಎಂದುಕೊಂಡೆ. ಒಳಗೆ ಬಂದು ನೋಡಿದರೆ ಗಂಟು ಕುರ್ಚಿಯಲ್ಲಿ ಕೂತಿತ್ತು. ನನಗೆ ನಗು ಬಂತು. ನಗು ಮುಗಿದ ಮೇಲೆ ಏನೋ ಕಸಿವಿಸಿ ಶುರುವಾಯಿತು. ಗಂಟು ಮರೆತದ್ದರಿಂದ ಏನಾದರೂ ಆದೀತೆಂದಲ್ಲ. ಆ ಹುಡುಗಿ ದಾರಿಯುದ್ದಕ್ಕೂ ಇದನ್ನೇ ನೆನೆದು ಇನ್ನಷ್ಟು ಹೆದರಿಕೊಳ್ಳುತ್ತಾಳಲ್ಲ ಎಂದು.

ಈಗ ಆ ಮಧ್ಯಾಹ್ನ. ನನಗೆ ನೆನಪಿರುವಷ್ಟನ್ನು, ನೆನಪಿರುವ ಹಾಗೆ ಬರೆಯುತ್ತೇನೆ.

ಊಟ ಮಾಡಿ ನನ್ನ ಕುರ್ಚಿಯಲ್ಲಿ ಕೂತು ಏನನ್ನೋ ಓದುತ್ತಿದ್ದೆ. ನಿದ್ದೆ ಮಾಡಿರಲಿಲ್ಲ. ಮಾಡಿರಲಿಲ್ಲವೆಂದು ನಾನು ನಂಬಿದ್ದೇನೆ. ಹೊರಗೆ ಸುಡುವ ಬಿಸಿಲು, ಗಾಳಿ ಇಲ್ಲ, ಮೋಡದ ಸುಳಿವಿಲ್ಲ. ವಿಮಾನ ಈಗ ಎಲ್ಲಿರಬಹುದು ಎಂಬ ಯೋಚನೆ ಬಂದಿತ್ತೆ? ಬಂದಿರಬೇಕು, ಬಾರದೆ ಇರುವುದು ಹೇಗೆ? ಗಡಿಯಾರ ನೋಡಲಿಲ್ಲ. ಆ ಹೊತ್ತಿನಲ್ಲಿ ಪಕ್ಕದ ಕುರ್ಚಿಯ ಬೆತ್ತ ಕಿರುಗುಟ್ಟಿತು. ಯಾರಾದರೂ ಭಾರ ಬಿಟ್ಟು ಕೂತಾಗ ಆಗುವಂಥ ಸದ್ದು.

ನಾನು ತಕ್ಷಣ ತಿರುಗಿ ನೋಡಲಿಲ್ಲ. ಏಕೆಂದು ಕೇಳಿದರೆ ಹೇಳಲಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನು ನಾವು ತಿರುಗಿ ನೋಡುವುದಿಲ್ಲ. ಆದರೂ ಅವರು ಇದ್ದಾರೆಂದು ಮೈಗೆ ಗೊತ್ತಿರುತ್ತದೆ. ಹಾಗೆ. ಕಣ್ಣಂಚಿನಲ್ಲಿ ಜಯಮ್ಮ ಕಾಣಿಸಿದಳು. ಗಂಟು ಅವಳ ಮಡಿಲಲ್ಲಿತ್ತು. ಎರಡೂ ಕೈಗಳಿಂದ ಅದನ್ನು ಅವುಚಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ನನಗೆ ಹೆದರಿಕೆಯಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಇದು ನನಗೆ ಇಂದಿಗೂ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುತ್ತದೆ. ಅವಳು ಅಲ್ಲಿರುವುದು ಸಹಜವೆಂದೇ ಅನ್ನಿಸಿತ್ತು.

"ರೆಕ್ಕೆ ಅಲ್ಲಾಡ್ತಾ ಇದೆ," ಎಂದಳು.

"ಅಲ್ಲಾಡಲಿ ಬಿಡಮ್ಮ," ಎಂದೆ. "ಅಲ್ಲಾಡೋ ಹಾಗೇ ಮಾಡಿರ್ತಾರೆ. ಬಿದಿರು ಬಗ್ಗುತ್ತಲ್ಲ, ಹಾಗೆ. ಬಗ್ಗದೆ ಇದ್ದಿದ್ರೆ ಮುರೀತಿತ್ತು. ನಾನಿಲ್ಲೇ ಇದೀನಿ, ಕಣ್ಮುಚ್ಕೊಂಡೇ ಇರು."

ಸ್ವಲ್ಪ ಹೊತ್ತು ಇಬ್ಬರೂ ಹಾಗೇ ಕೂತಿದ್ದೆವು. ಅವಳ ಉಸಿರಾಟ ಕೇಳುತ್ತಿತ್ತು. ಅದು ಬರಬರುತ್ತ ನಿಧಾನವಾಯಿತು. ಆಮೇಲೆ ಬಂಗಲೆಯ ಮಾಲಿ ಹೊರಗೆ ಬಕೆಟ್ಟು ಕೆಡವಿದ ಸದ್ದಾಯಿತು. ತಿರುಗಿ ನೋಡಿದೆ. ಕುರ್ಚಿಯ ಮೇಲೆ ಗಂಟು ಮಾತ್ರ, ಕಾಳಮ್ಮನವರು ಇಟ್ಟ ಹಾಗೇ ಇತ್ತು. ಪುಸ್ತಕ ನನ್ನ ಕಾಲಿನ ಹತ್ತಿರ ಬಿದ್ದಿತ್ತು. ಅಂದರೆ ನಿದ್ದೆ ಹೋಗಿದ್ದೆ ಎಂದು ತಾನೆ ಅರ್ಥ? ಅಂದು ನಾನೂ ಹಾಗೆಯೇ ಅಂದುಕೊಂಡೆ. ಮುಖ ತೊಳೆದು, ಕಾಫಿ ಮಾಡಿ ಕುಡಿದೆ.

ಸಂಜೆ ಕಾಳಮ್ಮನವರು ಬಂದರು. ನೇರವಾಗಿ ಗಂಟಿನ ಹತ್ತಿರ ಹೋಗಿ ನೋಡಿ, ಸಮಾಧಾನವಾದವರಂತೆ ಕೆಳಗೆ ನೆಲದ ಮೇಲೆ ಕೂತರು. ಗಂಟು ಇಲ್ಲೇ ಉಳಿದುಹೋಯಿತು, ಚಿಕ್ಕಣ್ಣ ಮರೆತನೆಂದು ಕಾಣುತ್ತದೆ ಎಂದು ನಾನು ಸಂಕೋಚದಿಂದ ಹೇಳಿದೆ.

"ಅವ್ನೆಲ್ಲಿ ಮರೀತಾನೆ?" ಎಂದರು. "ನಾನೇ ಈ ರಸ್ತೆಗೆ ಬರಬ್ಯಾಡ, ಪೇಟೆ ಮೇಲಾಸಿ ಬನ್ನಿಮಂಟಪಕ್ಕೆ ಬಿದ್ದು ಒಂಟೋಗು ಅಂದಿದ್ದೆ. ಒತ್ತಾಯ್ತು ಅಂತ ತಂಗೀಗೆ ಹೇಳು ಅಂದಿದ್ದೆ."

"ಯಾಕಮ್ಮ? ಶಾಸ್ತ್ರ ಮಾಡಿಸಿದವರೂ ನೀವೇ, ತಪ್ಪಿಸಿದವರೂ ನೀವೇ?"

"ನೋಡಿ ಮೇಷ್ಟ್ರೇ, ಪರಸ್ತಾನ ಎಲ್ಲಿರ್ತದೋ ಪಯಣದೋರು ಅಲ್ಲೇ ಅವ್ರೆ ಅಂತ ತಾನೇ ಮಾತು? ಅದ್ನ ಅವ್ಳು ಎತ್ಕಂಡ್ರೆ ಅವ್ಳೂ ಮೇಲಕ್ಕೆ ಓದಂಗೆ. ಎತ್ಕಳ್ಳದೇ ಓದ್ರೆ?" ಅವರು ಕುರ್ಚಿಯ ಕಾಲನ್ನು ಮೆಲ್ಲಗೆ ಮುಟ್ಟಿದರು. "ಅಲ್ಲಿ ಮೇಲಿರದು ಬೀಳ್ಲಿ ಬುಡ್ಲಿ, ನನ್ ಮಗ್ಳು ಇಲ್ಲಿ ನಿಮ್ಮನೇಲಿ ಕುರ್ಚಿ ಮೇಲೆ ಕೂತವ್ಳೆ. ನೀವು ಜೊತೇಲಿದ್ದೀರಿ. ಇನ್ನೇನು ಭಯ?" ಎಂದು ಹೇಳಿದವರೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅತ್ತು ಮುಗಿದ ಮೇಲೆ, "ಜೋಯಿಸ್ರಿಗೆ ಮಾತ್ರ ಏಳ್ಬ್ಯಾಡಿ, ಬಯ್ತಾರೆ," ಎಂದರು.

ಆಗ ನಾನು ಮಧ್ಯಾಹ್ನದ ವಿಷಯವನ್ನು ಅವರಿಗೆ ಹೇಳಿದೆನೆ? ಇದು ಬಹಳ ಮುಖ್ಯವಾದ ಪ್ರಶ್ನೆ. ಹೇಳಲಿಲ್ಲವೆಂದು ನನ್ನ ನೆನಪು.

ಕತ್ತಲಾಗುವುದರೊಳಗೆ ಚಿಕ್ಕಣ್ಣ ಬೆಂಗಳೂರಿನಿಂದ ಹಿಂದಿರುಗಿದ. ವಿಮಾನ ಹಾರಿತೆಂದಷ್ಟೇ ಅವನಿಗೆ ಗೊತ್ತು. ಮರುದಿನ ತಂತಿ ಬಂತು. ಜಯಮ್ಮ ಮುಟ್ಟಿದ್ದಳು, ಗಂಡನ ಆಪರೇಷನ್ ಆಗಿತ್ತು. ಕೆಂಪಯ್ಯ ತಂತಿಯನ್ನು ಎರಡು ಸಲ ಓದಿಸಿಕೊಂಡು, "ಏಣಿ ಬೇಕಾಗ್ನಿಲ್ಲ ಬುಡಿ," ಎಂದರಂತೆ. ಗಂಟನ್ನು ಮಾತ್ರ ಕಾಳಮ್ಮನವರು ವಾಪಸು ಒಯ್ಯಲಿಲ್ಲ. ಮಗಳೇ ಬಂದು ಎತ್ತಿಕೊಳ್ಳುವವರೆಗೆ ಅದು ಅಲ್ಲೇ ಇರಬೇಕೆಂದರು. ನನ್ನ ಹೆಂಡತಿ ತವರಿನಿಂದ ಬಂದು, ಇದೇನು ಕುರ್ಚಿಯ ಮೇಲೆ ಗಂಟು ಎಂದು ಕೇಳಿದಾಗ, ಅದೊಂದು ಕಥೆ ಎಂದೆ. ಯಾವ ಕಥೆ ಎಂದು ಹೇಳಲಿಲ್ಲ.

ಮಳೆ ಶುರುವಾದ ಮೇಲೆ ಜಯಮ್ಮ ಗಂಡನನ್ನು ಕರೆದುಕೊಂಡು ಬಂದಳು, ರೈಲಿನಲ್ಲಿ. ಅವನು ಬಡವಾಗಿದ್ದ, ಆದರೆ ನಗುತ್ತಿದ್ದ. "ನಂಗೆ ಚಾಕು ಭಯ, ಇವಳಿಗೆ ವಿಮಾನ ಭಯ. ಒಬ್ಬರಿಗಾಗಿ ಒಬ್ಬರು ಪಾಸಾದ್ವಿ ಸಾರ್," ಎಂದ. ಜಯಮ್ಮ ಗಂಟನ್ನು ಕುರ್ಚಿಯಿಂದ ಎತ್ತಿ ಕಣ್ಣಿಗೊತ್ತಿಕೊಂಡು, ಅದೇ ಕುರ್ಚಿಯಲ್ಲಿ ಕೂತು, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಎರಡೂ ಕೈಗಳಿಂದ ಅವುಚಿ ಹಿಡಿದಳು.

ನನ್ನ ಸಂದೇಹದ ಬೇರು ಇಲ್ಲಿದೆ. ಅವಳು ಹಾಗೆ ಕೂತದ್ದನ್ನು ಆ ಮಳೆಗಾಲದ ದಿನ ನಾನು ಎದುರಿನಿಂದ, ಪೂರ್ತಿ ಎಚ್ಚರದಲ್ಲಿ ನೋಡಿದೆ. ಆ ಚಿತ್ರವನ್ನೇ ನನ್ನ ಮನಸ್ಸು ಬೇಸಗೆಯ ಆ ಮಧ್ಯಾಹ್ನಕ್ಕೆ ಒಯ್ದು ಅಂಟಿಸಿತೆ? ಅಂದು ನಾನು ಕಂಡದ್ದು ಬರೀ ಗಂಟಾಗಿದ್ದು, ಜಯಮ್ಮ ಆಮೇಲೆ ಸೇರಿಕೊಂಡಳೆ? ಎರಡು ನೆನಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಯಾವುದರ ಪ್ರತಿಯೆಂದು ತಿಳಿಯುವುದಿಲ್ಲ.

ಕಾಫಿ ಕುಡಿಯುತ್ತ ಅವಳು ವಿಮಾನದ ಕಥೆ ಹೇಳಿದಳು. ಹೊರಟಾಗ ಚೆನ್ನಾಗಿಯೇ ಇತ್ತಂತೆ. ಪೆಪ್ಪರ್‌ಮೆಂಟು ಕೊಟ್ಟರು, ಕಿವಿಗೆ ಹತ್ತಿ ಕೊಟ್ಟರು. ಆಮೇಲೆ ಘಟ್ಟದ ಮೇಲೆಲ್ಲೋ ಕರಿಮೋಡದೊಳಗೆ ನುಗ್ಗಿತು. ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ಕೆಳಕ್ಕೆ ಬೀಳುವುದು, ಮತ್ತೆ ಏಳುವುದು. ಜನ ಕಿರುಚಿಕೊಂಡರು, ವಾಂತಿ ಮಾಡಿಕೊಂಡರು. ಅವನ್ನೆಲ್ಲ ಹಂಚಿದ ವಿಮಾನದ ಹುಡುಗಿಯೂ ಓಡಾಡುವುದನ್ನು ಬಿಟ್ಟು ಮುಂದೆಲ್ಲೋ ಕೂತುಬಿಟ್ಟಳು.

"ಕಿಟಕಿಯಿಂದ ನೋಡಿದ್ರೆ ರೆಕ್ಕೆ ಬಡ್ಕೋತಾ ಇತ್ತು, ಹಕ್ಕಿ ಥರ. ಮುಗೀತು ಅಂದ್ಕೊಂಡು ಕಣ್ಣು ಮುಚ್ಬುಟ್ಟೆ. ಗಂಟು ಬೇರೆ ತಂದಿರ್ಲಿಲ್ಲ. ರೆಕ್ಕೆ ಅಲ್ಲಾಡ್ತಾ ಇದೆ ಅಂತ ಬಾಯಿಂದ ಬಂದ್ಬುಡ್ತು, ಕನ್ನಡದಲ್ಲೇ. ಪಕ್ಕದಲ್ಲಿದ್ದೋರು ಯಾರೋ ನಮ್ಮೋರೇ ಇರ್ಬೇಕು ಮೇಷ್ಟ್ರೇ. ಅಲ್ಲಾಡ್ಲಿ ಬಿಡಮ್ಮ, ಬಿದಿರು ಬಗ್ಗಲ್ವಾ ಹಂಗೆ ಅಂದ್ರು. ಕಣ್ಮುಚ್ಕೊಂಡೇ ಇರು ಅಂದ್ರು. ಅಷ್ಟೇ. ನಂಗೆ ಹೆಂಗೆ ಧೈರ್ಯ ಬಂತು ಅಂತೀರಿ! ಉಸಿರು ಸಮ ಆಯ್ತು. ಕಣ್ಣು ಬಿಟ್ಟಾಗ ಬೊಂಬಾಯಿ. ಎಲ್ಲಾ ಎದ್ದು ನಿಂತಿದ್ರು, ಅವರು ಇಳಿದೋಗ್ಬುಟ್ಟಿದ್ರು. ಭಯದಲ್ಲಿ ಪಕ್ಕಕ್ಕೆ ತಿರುಗೇ ಇರ್ಲಿಲ್ಲ, ಮುಖಾನೂ ನೋಡ್ಲಿಲ್ಲ."

ಕಿವಿಯಲ್ಲಿ ಹತ್ತಿ, ಹೊರಗೆ ಎರಡು ಎಂಜಿನ್ನುಗಳ ಅಬ್ಬರ, ಸುತ್ತ ಜನರ ಕೂಗು. ಅದರ ನಡುವೆ ಮೆಲ್ಲಗೆ ಆಡಿದ ಮಾತು ಹೇಗೆ ಕೇಳಿಸಿತು ಎಂದು ನಾನು ಕೇಳಿದೆ. ಅವಳು ಯೋಚಿಸಿ, "ಹೌದಲ್ವಾ?" ಎಂದಳು. ಆಮೇಲೆ ಒಂದು ಕೆಲಸ ಒಪ್ಪಿಸಿದಳು. "ನೀವು ದೊಡ್ಡ ದೊಡ್ಡ ಆಫೀಸಿಗೆಲ್ಲ ಬರೆಯೋರು. ನನ್ ಪಕ್ಕ ಕೂತಿದ್ದೋರು ಯಾರು ಅಂತ ವಿಚಾರಿಸಿ ಕೊಡಿ. ಒಂದು ಕಾಗದ ಹಾಕ್ಬೇಕು. ಅವರಿಲ್ದಿದ್ರೆ ನಾನು ಅಲ್ಲೇ ಸತ್ತೋಗ್ತಿದ್ದೆ."

ಆಗಲಿ ಎಂದೆ. ನಾನು ಕಂಡದ್ದನ್ನು ಅವಳಿಗೆ ಹೇಳಲಿಲ್ಲ. ಏನೆಂದು ಹೇಳುವುದು? ಹೇಳಿದ್ದರೆ ಅವಳು ತಕ್ಷಣ ನಂಬುತ್ತಿದ್ದಳು. ನಾನೇ ನಂಬದ್ದನ್ನು ಇನ್ನೊಬ್ಬರು ನಂಬುವಂತೆ ಮಾಡುವುದು ನನ್ನಿಂದಾಗಲಿಲ್ಲ.

ವಿಚಾರಿಸಿದೆ. ಬೆಂಗಳೂರಿನ ವಿಮಾನ ಕಚೇರಿಯವರು ಪ್ರಯಾಣಿಕರ ಹೆಸರುಗಳನ್ನು ಹೊರಗಿನವರಿಗೆ ಕೊಡುವುದಿಲ್ಲವೆಂದರು. ಅಲ್ಲಿಗೆ ಬಿಟ್ಟೆ. ಬಿಟ್ಟೆನೆಂದರೂ ಅದು ನನ್ನನ್ನು ಬಿಡಲಿಲ್ಲ. ಒಂದು ದಾರಿ ಮಾತ್ರ ತೆರೆದಿತ್ತು. ಬಿದಿರಿನ ಮಾತನ್ನು ನಾನು ಮೊದಲೇ ಹಿನಕಲ್ಲಿನ ಜಗುಲಿಯ ಮೇಲೆ ಹೇಳಿದ್ದರೆ? ಹೆದರಿಕೆಯಲ್ಲಿ ಅವಳಿಗೆ ಅದೇ ನೆನಪಾಗಿ, ಯಾರೋ ಪಕ್ಕದಲ್ಲಿ ಹೇಳಿದಂತೆ ಭಾಸವಾಗಿರಬಹುದು. ನಾನೂ ಇತ್ತ ಅದೇ ಹೊತ್ತಿಗೆ ತೂಕಡಿಸುತ್ತ ನನ್ನದೇ ಮಾತನ್ನು ಕನಸಿನಲ್ಲಿ ಕೇಳಿರಬಹುದು. ಅಚ್ಚುಕಟ್ಟಾದ ವಿವರಣೆ. ಚಿಕ್ಕಣ್ಣನನ್ನು ಕೇಳಿದೆ. "ಬಿದಿರಾ? ನೀನು ಕಾಗ್ದ ಊದಿದ್ದೊಂದೇ ಕಣಯ್ಯ ನಮಗೆ ನೆನಪಿರೋದು," ಎಂದ. ಕೆಂಪಯ್ಯನವರೂ ಅದನ್ನೇ ಹೇಳಿದರು, ಊದುವ ಅಭಿನಯದ ಸಮೇತ. ಆದರೆ ಜಗುಲಿಯ ಮೇಲೆ ಆಡಿದ ಪ್ರತಿಯೊಂದು ಮಾತನ್ನೂ ಯಾರು ನೆನಪಿಟ್ಟುಕೊಳ್ಳುತ್ತಾರೆ? ಹೇಳಿರಲಿಕ್ಕೂ ಸಾಕು.

ಕೆಲವು ವರ್ಷಗಳಾದ ಮೇಲೆ ಕಾಳಮ್ಮನವರು ಕಾಯಿಲೆ ಬಿದ್ದರು. ನೋಡಲು ಹೋಗಿದ್ದೆ. ನನ್ನ ಕೈ ಹಿಡಿದುಕೊಂಡು, "ಅವತ್ತು ನೀವು ಏಳಿದ್ರಲ್ಲ ಮೇಷ್ಟ್ರೇ, ಮಗ್ಳು ಬಂದು ಕೂತಿದ್ಲು ಅಂತ. ಅದ್ಕೇ ನಂಗೆ ಆ ರಾತ್ರಿ ನಿದ್ದೆ ಬಂತು," ಎಂದರು. ನಾನು ಹೇಳಿರಲಿಲ್ಲ. ಅಥವಾ ಹೇಳಿದ್ದೆ. ಹೇಳಿದ್ದರೆ, ತಾಯಿಯಿಂದ ಮಗಳಿಗೆ ಮಾತು ಮುಟ್ಟಿ, ಅವಳ ಕಥೆ ನನ್ನ ಕಥೆಯಿಂದಲೇ ಹುಟ್ಟಿತೆ? ಮಗಳಿಗೆ ಹಾಗೇನಾದರೂ ಹೇಳಿದ್ದಿರಾ ಎಂದು ಕೇಳೋಣವೆಂದು ಮತ್ತೆ ಹೋಗುವಷ್ಟರಲ್ಲಿ ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಆಮೇಲೆ ಉಳಿಯಲೂ ಇಲ್ಲ.

ಹೋದ ವರ್ಷ ಕಾಲೇಜಿನ ಕೆಲಸದ ಮೇಲೆ ನಾನು ಬೊಂಬಾಯಿಗೆ ವಿಮಾನದಲ್ಲಿ ಹೋಗಬೇಕಾಗಿ ಬಂತು. ಅಷ್ಟು ಜನರಿಗೆ ಧೈರ್ಯ ಹೇಳಿದ ನಾನು ಹಿಂದಿನ ರಾತ್ರಿ ನಿದ್ದೆ ಮಾಡಲಿಲ್ಲ. ಹೊರಡುವ ಮುಂಚೆ, ಊರಿಗೆ ಬಂದಿದ್ದ ಜಯಮ್ಮನನ್ನು ಕಂಡು, ಅಂದು ನೀನು ಕೂತಿದ್ದ ಜಾಗ ಯಾವುದಮ್ಮ ಎಂದು ಮಾತಿನ ನಡುವೆ ಕೇಳಿದೆ. ಅವಳು ತಡವರಿಸಲಿಲ್ಲ. "ಕಟ್ಟಕಡೇದು. ಹತ್ತೋ ಬಾಗಿಲಿಗೆ ನೇರ ಎದುರು. ಬಲಗಡೆ ಕಿಟಕಿ," ಎಂದಳು. ಪಕ್ಕದಲ್ಲಿದ್ದವರು ಯಾವ ಕಡೆಯಿದ್ದರು ಎಂದೆ. "ಎಡಗಡೆ. ಭುಜ ತಗಲೋಷ್ಟು ಹತ್ತಿರ," ಎಂದಳು.

ಬೆಂಗಳೂರಿನಲ್ಲಿ ನನಗಾಗಿ ನಿಂತಿದ್ದದ್ದೂ ಅದೇ ಮಾದರಿಯ, ಎರಡು ಎಂಜಿನ್ನಿನ ವಿಮಾನ. ನನ್ನ ಜಾಗ ಮುಂದೆ ಇತ್ತು. ಉಳಿದವರೆಲ್ಲ ಕೂತುಕೊಳ್ಳುವವರೆಗೆ ನಾನು ಹಿಂದೆಯೇ ನಿಂತಿದ್ದೆ. ಬಾಗಿಲಿಗೆ ಎದುರಾಗಿ, ಕಟ್ಟಕಡೆಯಲ್ಲಿ, ಬಲಗಡೆಯ ಕಿಟಕಿಗೆ ಅಂಟಿಕೊಂಡು ಕುರ್ಚಿಯೊಂದಿತ್ತು. ಅದರ ಎಡಕ್ಕೆ ಜನ ಹತ್ತಿ ಒಳಗೆ ಬರುವ ಜಾಗ, ಅದರಾಚೆ ಬಾಗಿಲು. ಹಿಂದೆ ತಗಡಿನ ಗೋಡೆ. ಇಲ್ಲಿ ಮೊದಲು ಜೋಡಿ ಕುರ್ಚಿಗಳಿದ್ದವೇ ಎಂದು ವಿಮಾನದ ಹುಡುಗಿಯನ್ನು ಕೇಳಿದೆ. ಇರಲಿಲ್ಲ, ಇಟ್ಟರೆ ಬಾಗಿಲಿನಿಂದ ಒಳಗೆ ಬರುವುದಕ್ಕೇ ಆಗುವುದಿಲ್ಲ, ಈ ದಾರಿಯ ನಮ್ಮ ವಿಮಾನಗಳೆಲ್ಲ ಮೊದಲಿನಿಂದಲೂ ಹೀಗೆಯೇ ಎಂದಳು. ಅವಳ ಮಾತೊಂದನ್ನೇ ನಂಬಿ ಬಿಡುವವನಲ್ಲ ನಾನು. ಕನ್ನಡಕ ಬೀಳಿಸಿಕೊಂಡವನಂತೆ ಬಗ್ಗಿ, ಮಂಡಿಯೂರಿ, ಜಮಖಾನೆಯ ಅಂಚನ್ನು ಎತ್ತಿ ನೋಡಿದೆ. ಆ ಕುರ್ಚಿಯ ಕಾಲುಗಳನ್ನು ನೆಲಕ್ಕೆ ಬಿಗ್ಗಬಿಗಿಯಾಗಿ ಬೋಲ್ಟು ಹಾಕಿ ಕೂರಿಸಿದ್ದರು. ಅದರ ಎಡಕ್ಕೆ ಭುಜ ತಗಲುವಷ್ಟು ಹತ್ತಿರದಲ್ಲಿ ಇನ್ನೊಂದು ಕುರ್ಚಿ ಎಂದಾದರೂ ಇದ್ದಿದ್ದರೆ ಇರಬೇಕಾಗಿದ್ದ ಬೋಲ್ಟಿನ ತೂತುಗಳು ಅಲ್ಲಿ ಇರಲಿಲ್ಲ.